ಅರಗಿನ ಮನೆಯಿಂದ ಜಾಣ ಕಟ್ಟಡದವರೆಗೆ

ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ವಿಸ್ತರಿಸಿ ಬರೆಯದೆ ಹೈಸ್ಕೂಲು ದಾಟಿದ ವಿದ್ಯಾರ್ಥಿಗಳು ವಿರಳ. ಈ ಗಾದೆ ಹುಟ್ಟಿದ ಕಾಲದಲ್ಲಿ ಮನೆಗಳು ನೆಲಕ್ಕೆ ಅಂಟಿಕೊಂಡಿದ್ದವು. ಬೆಂಕಿ ಬಿದ್ದರೆ ಮಕ್ಕಳು ಮುದುಕರನ್ನು ಕರೆದುಕೊಂಡು ಅಂಗಳಕ್ಕೆ ಓಡಿಬಂದರೆ ಜೀವ ಉಳಿಯುತ್ತಿತ್ತು. ನೀರಿಗಾಗಿ ಪರದಾಡುವುದು ಆಮೇಲಿನ ಮಾತು. ಇಂದು ನನ್ನ ಶಿಷ್ಯರಲ್ಲಿ ಅನೇಕರು ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ಹತ್ತನೆಯ, ಹದಿನೈದನೆಯ ಅಂತಸ್ತಿನಲ್ಲಿ ವಾಸವಾಗಿದ್ದಾರೆ. ಅವರಿಗೆ ಅಂಗಳವೆಂಬುದಿಲ್ಲ. ನಮ್ಮ ತಾಜಸುಲ್ತಾನಪುರದ ಕಡೆಗೂ ಕಲಬುರಗಿ ನಗರ ಬೆಳೆಯುತ್ತ ಬಂದಿದೆ. ತೊಗರಿಯ ಹೊಲಗಳಿದ್ದೆಡೆ ಬಡಾವಣೆಗಳೆದ್ದಿವೆ, ಬಡಾವಣೆಗಳಲ್ಲಿ ಅಂತಸ್ತುಗಳು ಏರುತ್ತಿವೆ.

ಈ ಹೊಸ ಕಟ್ಟಡಗಳಿಗೆ ‘ಸ್ಮಾರ್ಟ್ ಬಿಲ್ಡಿಂಗ್’ ಎಂಬ ಬಿರುದೊಂದುಂಟು. ನಾನು ಅದನ್ನು ‘ಜಾಣ ಕಟ್ಟಡ’ ಎಂದು ಕರೆಯುತ್ತೇನೆ. ಅಲ್ಲಿ ಕಾರ್ಡು ತೋರಿಸಿದರೆ ಬಾಗಿಲು ತೆರೆಯುತ್ತದೆ, ಮನುಷ್ಯನ ಸುಳಿವು ಸಿಕ್ಕರೆ ದೀಪ ಹೊತ್ತಿಕೊಳ್ಳುತ್ತದೆ, ಹೊಗೆಯ ವಾಸನೆ ಬಡಿದರೆ ಕಟ್ಟಡವೇ ಕೂಗಿಕೊಳ್ಳುತ್ತದೆ. ಇಂಥ ಜಾಣತನ ಬೆಂಕಿಯ ವೇಳೆಯಲ್ಲಿ ನಮ್ಮನ್ನು ಎಷ್ಟರಮಟ್ಟಿಗೆ ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ. ಇತಿಹಾಸದ ಅಗ್ನಿ ದುರಂತಗಳನ್ನು ಒಂದರ ಪಕ್ಕ ಒಂದನ್ನಿಟ್ಟು ನೋಡಿದರೆ ಅವು ಎರಡೇ ಪಾಠಗಳನ್ನು ಮತ್ತೆ ಮತ್ತೆ ಹೇಳುತ್ತವೆ: ಹೊಗೆಗೆ ಹೋಗಲು ದಾರಿ ಬೇಕು, ಮನುಷ್ಯನಿಗೆ ಹೊರಡಲು ದಾರಿ ಬೇಕು.

ಈ ಪಾಠ ನಮ್ಮವರಿಗೆ ಹೊಸದೇನಲ್ಲ. ಮಹಾಭಾರತದ ಅರಗಿನ ಮನೆಯ ಪ್ರಸಂಗವನ್ನು ನೆನೆಯಿರಿ. ವಾರಣಾವತದಲ್ಲಿ ಪುರೋಚನನು ಅರಗು, ತುಪ್ಪ, ಸೆಣಬು ಮುಂತಾದ ಹೊತ್ತಿಕೊಳ್ಳುವ ಪದಾರ್ಥಗಳಿಂದಲೇ ಮನೆ ಕಟ್ಟಿಸಿದ. ಹೊರಗಿನಿಂದ ಅದು ಸುಂದರವಾದ ಅರಮನೆ. ವಿದುರನು ಗೂಢವಾದ ಮಾತಿನಲ್ಲಿ ಧರ್ಮರಾಯನನ್ನು ಎಚ್ಚರಿಸಿದ. ಅಷ್ಟಕ್ಕೇ ಸುಮ್ಮನಾಗದೆ ಸುರಂಗ ತೋಡುವವನೊಬ್ಬನನ್ನು ಕಳುಹಿಸಿಕೊಟ್ಟ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ವಿದುರನ ಮಾತು ಮುನ್ನೆಚ್ಚರಿಕೆಯ ಗಂಟೆ. ಸುರಂಗವು ತುರ್ತು ನಿರ್ಗಮನದ ದಾರಿ. ಗಂಟೆ ಮಾತ್ರ ಇದ್ದು ಸುರಂಗವಿಲ್ಲದಿದ್ದರೆ ಪಾಂಡವರು ಎಚ್ಚರವಾಗಿದ್ದುಕೊಂಡೇ ಬೇಯಬೇಕಾಗುತ್ತಿತ್ತು.

ಆದರೆ ಆ ಕಥೆಯಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ಸಂಗತಿಯಿದೆ. ಆ ರಾತ್ರಿ ಕುಂತಿಯ ಸಂತರ್ಪಣೆಗೆ ಬಂದಿದ್ದ ನಿಷಾದ ಸ್ತ್ರೀಯೊಬ್ಬಳು ತನ್ನ ಐವರು ಮಕ್ಕಳೊಡನೆ ಉಂಡು ಕುಡಿದು ಅಲ್ಲಿಯೇ ಮಲಗಿದ್ದಳು. ಭೀಮನು ಮನೆಗೆ ಬೆಂಕಿಯಿಟ್ಟು ತಾಯಿಯನ್ನೂ ಸಹೋದರರನ್ನೂ ಸುರಂಗದಿಂದ ಪಾರುಮಾಡಿದ. ಆ ಆರು ಜನರು ಬೆಂದುಹೋದರು. ಅವರ ಶವಗಳನ್ನು ಕಂಡು ಜನ ಪಾಂಡವರೇ ಸತ್ತರೆಂದು ಅತ್ತರು. ಒಂದೇ ಮನೆ, ಒಂದೇ ಬೆಂಕಿ; ದಾರಿ ಗೊತ್ತಿದ್ದವರು ಉಳಿದರು, ಗೊತ್ತಿಲ್ಲದವರು ಅಳಿದರು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕೆಂದು ಕೋರುತ್ತೇನೆ.

ಇನ್ನು ನಮ್ಮ ಭಾಗದ ಹಳೆಯ ಮನೆಗಳನ್ನು ನೋಡೋಣ. ಶಹಾಬಾದಿನ ಪರಸಿ ಕಲ್ಲು, ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಿಟಕಿಗಳು ಚಿಕ್ಕವು, ಕೆಲವು ಕಡೆ ಇಲ್ಲವೇ ಇಲ್ಲ. ಆದರೆ ಅಡುಗೆಮನೆಯ ಮೇಲೆ, ಪಡಸಾಲೆಯ ಮೇಲೆ ಗವಾಕ್ಷಿ ಇರುತ್ತಿತ್ತು. ಒಲೆಯ ಹೊಗೆ ನೆಟ್ಟಗೆ ಮೇಲೇರಿ ಅದರಿಂದ ಹೊರಹೋಗುತ್ತಿತ್ತು. ಅದೇ ಕಿಂಡಿಯಿಂದ ಬೆಳಕು ಇಳಿಯುತ್ತಿತ್ತು. ಬಿಸಿಯಾದ ಹೊಗೆ ಮೇಲಕ್ಕೇ ಏರುತ್ತದೆ ಎಂಬ ತತ್ತ್ವವನ್ನು ನಮ್ಮ ಗೌಂಡಿಗಳು ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದರು. ಕಲಬುರಗಿ ಕೋಟೆಯೊಳಗಿನ 1367ರ ಜಾಮಾ ಮಸೀದಿಯನ್ನು ನೋಡಿದವರು ಇನ್ನೊಂದು ಮಾತನ್ನು ಬಲ್ಲರು. ಬಯಲು ಅಂಗಳವಿಲ್ಲದೆ ಪೂರ್ತಿ ಛಾವಣಿ ಹೊದಿಸಿದ ಮಸೀದಿ ಅದು. ಆದರೂ ಹೊರಬದಿಯ ಅಗಲವಾದ ಕಮಾನುಗಳಿಂದ ಗಾಳಿ ಬೆಳಕು ಒಳನುಗ್ಗುತ್ತವೆ. ಜನ ಸೇರುವ ಸ್ಥಳಕ್ಕೆ ಮುಚ್ಚಿಗೆ ಹಾಕಿದವರು ಗಾಳಿಗೂ ಮನುಷ್ಯನಿಗೂ ದಾರಿ ಬಿಟ್ಟಿದ್ದರು.

ನಗರಗಳು ಬೆಳೆದು ಕಟ್ಟಡಗಳು ಎತ್ತರವಾದಾಗ ಈ ತಿಳಿವಳಿಕೆಯನ್ನು ಜಗತ್ತು ಜೀವಗಳನ್ನು ತೆತ್ತು ಮತ್ತೊಮ್ಮೆ ಕಲಿಯಬೇಕಾಯಿತು. ಅಮೆರಿಕದ ಚಿಕಾಗೋ ನಗರದಲ್ಲಿ 1903ರ ನವೆಂಬರಿನಲ್ಲಿ ಇರೊಕ್ವಾ ಎಂಬ ನಾಟಕಮಂದಿರ ಆರಂಭವಾಯಿತು. ಅದಕ್ಕೆ ಬೆಂಕಿ ತಗುಲುವುದೇ ಸಾಧ್ಯವಿಲ್ಲವೆಂದು ಜಾಹೀರಾತು ಮಾಡಿದ್ದರು. ಅದೇ ವರ್ಷ ಡಿಸೆಂಬರ್ 30ರಂದು, ಶಾಲೆಗಳಿಗೆ ರಜೆಯಿದ್ದ ದಿನಗಳಲ್ಲಿ, ಮಧ್ಯಾಹ್ನದ ಆಟ ನಡೆಯುತ್ತಿದ್ದಾಗ ರಂಗದ ದೀಪದಿಂದ ಪರದೆಗೆ ಕಿಡಿ ತಗುಲಿತು. ರಂಗದ ಮೇಲ್ಛಾವಣಿಯಲ್ಲಿ ಹೊಗೆ ಹೋಗಲು ಮಾಡಿದ್ದ ಕಿಂಡಿಗಳು ಮುಚ್ಚಿದ್ದವು. ಕೆಲವು ನಿರ್ಗಮನ ಬಾಗಿಲುಗಳು ಪರದೆಗಳ ಹಿಂದೆ ಮರೆಯಾಗಿದ್ದವು. ಕೆಲವಕ್ಕೆ ಸಾಮಾನ್ಯ ಪ್ರೇಕ್ಷಕನಿಗೆ ತೆರೆಯಲು ಬಾರದ ಹೊಸ ಬಗೆಯ ಚಿಲಕಗಳಿದ್ದವು. 602 ಜನರು, ಬಹುಪಾಲು ಹೆಂಗಸರು ಮತ್ತು ಮಕ್ಕಳು, ಪ್ರಾಣ ಕಳೆದುಕೊಂಡರು. ಕಟ್ಟಡ ಮಾತ್ರ ಜಾಹೀರಾತಿನಂತೆಯೇ ನಿಂತಿತ್ತು! ಬೆಂಕಿಗೆ ಕಟ್ಟಡ ಉಳಿಯುವುದು ಬೇರೆ, ಒಳಗಿನ ಜನ ಉಳಿಯುವುದು ಬೇರೆ ಎಂಬುದು ಅಂದು ಲೋಕಕ್ಕೆ ತಿಳಿಯಿತು.

ಏಳು ವರ್ಷಗಳ ಬಳಿಕ, 1911ರ ಮಾರ್ಚ್ 25ರಂದು, ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಯಲ್ಲಿ 146 ಕಾರ್ಮಿಕರು ಮಡಿದರು. ಅವರಲ್ಲಿ ಹೆಚ್ಚಿನವರು ಹದಿಹರೆಯದ, ಪ್ರಾಯದ ಹೆಣ್ಣುಮಕ್ಕಳು. ಒಂಬತ್ತನೆಯ ಅಂತಸ್ತಿನಲ್ಲಿ ಮೆಟ್ಟಿಲಿಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಲಾಗಿತ್ತು. ಕೆಲಸಗಾರರು ಬಟ್ಟೆ ಕದ್ದೊಯ್ಯಬಾರದೆಂಬುದು ಆ ಬೀಗದ ಉದ್ದೇಶವೆಂದು ಹೇಳಲಾಯಿತು. ಕಳ್ಳತನದ ಭಯದಿಂದ ಹಾಕಿದ ಬೀಗ ಬೆಂಕಿಯ ವೇಳೆಯಲ್ಲಿ ಕೊಲೆಗಡುಕನಾಗುತ್ತದೆ. ಇಂದಿನ ಕಾರ್ಡಿನ ಬಾಗಿಲುಗಳ ಚರ್ಚೆಗೂ ಇದೇ ಮೂಲ.

ಇಂಥ ದುರಂತಗಳಿಂದ ಕೆಲವು ಉಪಕರಣಗಳು ಹುಟ್ಟಿದವು, ಕೆಲವು ಬಳಕೆಗೆ ಬಂದವು. ಮೈಭಾರ ಬಿದ್ದೊಡನೆ ತೆರೆದುಕೊಳ್ಳುವ ಅಡ್ಡಪಟ್ಟಿಯ ಬಾಗಿಲು ಅವುಗಳಲ್ಲೊಂದು. ಇಂಗ್ಲೆಂಡಿನ ಸಂಡರ್‌ಲ್ಯಾಂಡಿನಲ್ಲಿ 1883ರಲ್ಲಿ ಬೋಲ್ಟು ಹಾಕಿದ ಬಾಗಿಲ ಬಳಿ 183 ಮಕ್ಕಳು ನೂಕುನುಗ್ಗಲಿನಲ್ಲಿ ಸತ್ತ ಮೇಲೆ ಅಂಥ ಚಿಲಕದ ಕಲ್ಪನೆ ಮೂಡಿತು. ಇರೊಕ್ವಾ ದುರಂತದ ನಂತರ, 1908ರಲ್ಲಿ, ಅಮೆರಿಕದ ಮಾರುಕಟ್ಟೆಗೂ ಬಂದಿತು. ನೀರು ಚಿಮ್ಮುವ ಸ್ಪ್ರಿಂಕ್ಲರ್ ಇನ್ನೂ ಹಿಂದಿನದು. ಹೆನ್ರಿ ಪಾರ್ಮಲೀ ಎಂಬ ಪಿಯಾನೋ ತಯಾರಕ 1874ರಲ್ಲಿ ತನ್ನ ಕಾರ್ಖಾನೆಗಾಗಿ ಅದನ್ನು ರೂಪಿಸಿದ. ಫ್ರೆಡರಿಕ್ ಗ್ರಿನ್ನೆಲ್ ಅದನ್ನು ಸುಧಾರಿಸಿದ. ನೀವು ಮಾಲ್‌ಗಳ ಛಾವಣಿಯಲ್ಲಿ ಕಾಣುವ ಕೆಂಪು ದ್ರವದ ಪುಟ್ಟ ಗಾಜಿನ ಗುಳಿಗೆ ಸುಮಾರು 68 ಡಿಗ್ರಿ ಶಾಖಕ್ಕೆ ಒಡೆಯುತ್ತದೆ. ಒಡೆದೊಡನೆ ಮೇಲಿನ ಕೊಳವೆಯ ನೀರು ಸುರಿಯುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಎಲ್ಲವೂ ಒಟ್ಟಿಗೆ ಸುರಿಯುವುದಿಲ್ಲ. ಬೆಂಕಿಯ ಮೇಲಿರುವುದು ಮಾತ್ರ ಸುರಿಯುತ್ತದೆ. ಈ ಗುಳಿಗೆ ಒಡೆಯಲು ವಿದ್ಯುತ್ತು ಬೇಡ, ಕಂಪ್ಯೂಟರ್ ಬೇಡ, ಯಾರ ಅಪ್ಪಣೆಯೂ ಬೇಡ. ಬೆಂಕಿಯೇ ತನ್ನ ಶತ್ರುವನ್ನು ಎಬ್ಬಿಸುತ್ತದೆ. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಜಾಣ ಉಪಕರಣ ಇನ್ನೊಂದಿಲ್ಲ.

ಹೊಗೆಯನ್ನು ಗುರುತಿಸುವ ಯಂತ್ರದ ಹುಟ್ಟು ಒಂದು ಆಕಸ್ಮಿಕ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿ ವಾಲ್ಟರ್ ಯೇಗರ್ ವಿಷಾನಿಲವನ್ನು ಕಂಡುಹಿಡಿಯುವ ಸಾಧನಕ್ಕಾಗಿ ಶ್ರಮಿಸುತ್ತಿದ್ದರು. ವಿಷಾನಿಲಕ್ಕೆ ಯಂತ್ರದ ಮುಳ್ಳು ಅಲುಗಲಿಲ್ಲ. ಬೇಸತ್ತು ಸಿಗರೇಟು ಹಚ್ಚಿದಾಗ ಅದರ ಹೊಗೆಗೆ ಮುಳ್ಳು ಅಲುಗಿತಂತೆ! ಇಂದು ಛಾವಣಿಗಳಲ್ಲಿ ಕಾಣುವ ಬಿಳಿಯ ತಟ್ಟೆಯಂಥ ಸ್ಮೋಕ್ ಡಿಟೆಕ್ಟರ್‌ಗಳ ವಂಶಾವಳಿ ಅಲ್ಲಿಂದ ಆರಂಭವಾಗುತ್ತದೆ.

ನಮ್ಮ ನಾಡಿಗೆ ಬರೋಣ. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಸರ್ಕಸ್ಸಿನ ಡೇರೆಯಲ್ಲಿ ಯಂತ್ರವೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ಸಾವಿರಾರು ಜನ ಒಮ್ಮೆಲೇ ಹೊರಹೋಗಲು ಬೇಕಾದಷ್ಟು ದಾರಿಯೂ ಇರಲಿಲ್ಲ. ಡೇರೆಯಲ್ಲಿ ಹೀಗಾಯಿತು, ಗಟ್ಟಿ ಕಟ್ಟಡದಲ್ಲಿ ಹೀಗಾಗದು ಎಂದು ಸಮಾಧಾನ ಹೇಳಿಕೊಳ್ಳುವಂತಿರಲಿಲ್ಲ. 2010ರ ಫೆಬ್ರವರಿ 23ರಂದು ಅದೇ ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿಗಳ ಕಟ್ಟಡದಲ್ಲಿ 9 ಜನ ಪ್ರಾಣ ಬಿಟ್ಟರು. ಅಲ್ಲಿ ಜ್ವಾಲೆ ದೊಡ್ಡದಾಗಿರಲಿಲ್ಲ. ವಿದ್ಯುತ್ ತಂತಿಗಳು ಹಾಯ್ದುಹೋಗುವ ಕೊಳವೆಯಂಥ ಜಾಗದಲ್ಲಿ ಹುಟ್ಟಿದ ಹೊಗೆ ಅಂತಸ್ತಿನಿಂದ ಅಂತಸ್ತಿಗೆ ಏರಿತು. ಗಾಜು ಮುಚ್ಚಿದ ಕಟ್ಟಡದಲ್ಲಿ ಅದಕ್ಕೆ ಗವಾಕ್ಷಿಯೆಂಬುದಿರಲಿಲ್ಲ. ಮೆಟ್ಟಿಲಿನ ದಾರಿಗೆ ಬೀಗವಿದ್ದುದಾಗಿ ಪತ್ರಿಕೆಗಳು ವರದಿ ಮಾಡಿದವು. ಉಸಿರಿಗಾಗಿ ಗಾಜು ಒಡೆದವರು ಕೆಳಗೆ ಹಾರಿದರು. ಚಿಕಾಗೋ ನಗರದ ಎರಡು ತಪ್ಪುಗಳೂ, ಮುಚ್ಚಿದ ಕಿಂಡಿ ಮತ್ತು ತೆರೆಯದ ಬಾಗಿಲು, ನೂರಕ್ಕೂ ಹೆಚ್ಚು ವರ್ಷಗಳ ಅನಂತರ ನಮ್ಮ ರಾಜಧಾನಿಯಲ್ಲಿ ಮರುಕಳಿಸಿದ್ದವು. ಮಡಿದವರ ಬಂಧುಮಿತ್ರರು ದುಃಖದಲ್ಲೇ ಕೂಡದೆ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಯ ಅರಿವು ಮೂಡಿಸತೊಡಗಿದುದು ಶ್ಲಾಘನೀಯ.

ಕಾನೂನು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲಿಯೇ ಬಂದಿತು; 1983, 2005, 2016ರಲ್ಲಿ ಪರಿಷ್ಕೃತವಾಯಿತು. ಅದರ ನಾಲ್ಕನೆಯ ಭಾಗದ ಹೆಸರೇ ‘ಅಗ್ನಿ ಮತ್ತು ಜೀವ ಸುರಕ್ಷತೆ’. ನಿರ್ಗಮನದ ಬಾಗಿಲು ಒಳಗಿನವರಿಗೆ ಕೀಲಿಕೈಯ ಅಗತ್ಯವಿಲ್ಲದೆ ತೆರೆಯುವಂತಿರಬೇಕೆಂದು ಅದು ವಿಧಿಸುತ್ತದೆ.

ಈಗ ಜಾಣ ಕಟ್ಟಡದ ಸರದಿ. 1980ರ ನವೆಂಬರ್ 21ರಂದು ಅಮೆರಿಕದ ಲಾಸ್ ವೇಗಾಸ್ ನಗರದ ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ 85 ಜನ ಸತ್ತರು. ಬೆಂಕಿ ಕೆಳಗಿನ ಅಂತಸ್ತಿನಲ್ಲಿತ್ತು. ಸತ್ತವರಲ್ಲಿ ಬಹುಮಂದಿ ಮೇಲಿನ ಅಂತಸ್ತುಗಳಲ್ಲಿದ್ದರು. ಲಿಫ್ಟಿನ ಬಾವಿ, ಮೆಟ್ಟಿಲು, ಹವಾನಿಯಂತ್ರಣದ ಕೊಳವೆಗಳು ಹೊಗೆಯನ್ನು ಕೋಣೆಕೋಣೆಗೆ ಮುಟ್ಟಿಸಿದ್ದವು. ಕಟ್ಟಡದ ಗಂಟೆ, ಗಾಳಿ, ಲಿಫ್ಟು, ಬಾಗಿಲು ಒಂದನ್ನೊಂದು ಅರಿತು ಕೆಲಸಮಾಡಬೇಕು ಎಂಬ ವಿಚಾರ ಇಂಥ ಅನುಭವಗಳಿಂದ ಬಲಗೊಂಡಿತು. ಕಂಪ್ಯೂಟರ್ ಅಗ್ಗವಾದಂತೆ ಅದು ಕೈಗೂಡಿತು.

ಒಳ್ಳೆಯ ಜಾಣ ಕಟ್ಟಡವೊಂದರಲ್ಲಿ ಏನಾಗುತ್ತದೆಂಬುದನ್ನು ಅನುಕ್ರಮವಾಗಿ ನೋಡಿ. ಹನ್ನೊಂದನೆಯ ಅಂತಸ್ತಿನ ಒಂದು ಕೋಣೆಯಲ್ಲಿ ತಂತಿ ಕರಕಲಾಗುತ್ತದೆ. ಛಾವಣಿಯ ಡಿಟೆಕ್ಟರ್ ಅದನ್ನು ಗುರುತಿಸುತ್ತದೆ. ಪ್ರತಿಯೊಂದು ಡಿಟೆಕ್ಟರ್‌ಗೂ ಮನೆಯ ನಂಬರಿನಂತೆ ಒಂದು ವಿಳಾಸವಿರುವುದರಿಂದ ಬೆಂಕಿ ಯಾವ ಕೋಣೆಯಲ್ಲಿದೆ ಎಂಬುದು ಕೆಳಗಿನ ಫಲಕದಲ್ಲಿ ಮೂಡುತ್ತದೆ. ಹವಾನಿಯಂತ್ರಣ ನಿಲ್ಲುತ್ತದೆ, ಕೊಳವೆಗಳೊಳಗಿನ ಕದಗಳು ಮುಚ್ಚಿಕೊಂಡು ಹೊಗೆಯನ್ನು ತಡೆಯುತ್ತವೆ. ಮೆಟ್ಟಿಲಿನ ಓಣಿಯಲ್ಲಿ ದೊಡ್ಡ ಫ್ಯಾನುಗಳು ಶುದ್ಧ ಗಾಳಿಯನ್ನು ಒತ್ತಡದಿಂದ ತುಂಬುತ್ತವೆ. ಹೊಗೆ ಅಲ್ಲಿಗೆ ಕಾಲಿಡಲಾರದು. ಲಿಫ್ಟುಗಳು ನೆಲ ಅಂತಸ್ತಿಗೆ ಬಂದು ಬಾಗಿಲು ತೆರೆದು ನಿಲ್ಲುತ್ತವೆ. ಕಾರ್ಡಿನ ಬಾಗಿಲುಗಳ ಬೀಗ ತಾನಾಗಿ ಸಡಿಲುತ್ತದೆ. ಯಾವ ಮೆಟ್ಟಿಲಿನಿಂದ ಇಳಿಯಬೇಕೆಂದು ಧ್ವನಿವರ್ಧಕ ಹೇಳುತ್ತದೆ. ನೀರಿನ ಟ್ಯಾಂಕಿ ತುಂಬಿದೆಯೇ, ಪಂಪಿನ ಒತ್ತಡ ಸರಿಯಿದೆಯೇ ಎಂಬುದನ್ನೂ ಸೆನ್ಸರುಗಳು ದಿನವಿಡೀ ಗಮನಿಸುತ್ತಿರುತ್ತವೆ. ಇದು ವಿದುರನ ಎಚ್ಚರಿಕೆ ಮತ್ತು ಸುರಂಗ ಎರಡೂ ಕೂಡಿದಂತೆ. ಇಂಥ ವಿಜ್ಞಾನವನ್ನು ತೆಗಳುವುದು ಮೂರ್ಖತನವಾದೀತು.

ಹಾಗಾದರೆ ಚಿಂತೆ ಯಾವುದು? ಈ ಸರಪಳಿಯ ಪ್ರತಿಯೊಂದು ಕೊಂಡಿಯೂ ವಿದ್ಯುತ್ತನ್ನು, ತಂತಿಯನ್ನು, ನಿರ್ವಹಣೆಯನ್ನು ನೆಚ್ಚಿಕೊಂಡಿದೆ. ಬೆಂಕಿ ಮೊದಲು ತಿನ್ನುವುದು ತಂತಿಯನ್ನೇ. ವಿದ್ಯುತ್ ಬೀಗಗಳಲ್ಲಿ ಎರಡು ಜಾತಿ. ಒಂದು, ಕರೆಂಟು ಹೋದರೆ ತೆರೆದುಕೊಳ್ಳುವುದು. ಇನ್ನೊಂದು, ಕರೆಂಟು ಹೋದರೂ ಮುಚ್ಚಿಕೊಂಡೇ ಇರುವುದು. ಮೊದಲನೆಯದು ಪ್ರಾಣವನ್ನು ಕಾಯುತ್ತದೆ, ಎರಡನೆಯದು ಸೊತ್ತನ್ನು ಕಾಯುತ್ತದೆ. ಎರಡನೆಯ ಜಾತಿಯ ಬೀಗವಿರುವಲ್ಲಿ ಒಳಬದಿಯಲ್ಲಿ ಕೈಯಿಂದ ತಿರುಗಿಸುವ ಹಿಡಿಕೆ ಇರಲೇಬೇಕು. ಬೀಗ ಕೊಳ್ಳುವಾಗ ‘ಫೋನಿನಿಂದ ತೆರೆಯಬಹುದೇ?’ ಎಂದು ಕೇಳುವ ನಾವು ‘ಕರೆಂಟು ಹೋದಾಗ ಕೈಯಿಂದ ತೆರೆಯಬಹುದೇ?’ ಎಂದು ಕೇಳುವುದಿಲ್ಲ. ಟ್ರಯಾಂಗಲ್ ಕಾರ್ಖಾನೆಯ ಬೀಗ ಹೊಸ ವೇಷದಲ್ಲಿ ಮರಳುವುದು ಹೀಗೆ.

ಎರಡನೆಯ ಚಿಂತೆ ಸುಳ್ಳು ಗಂಟೆಯದು. ನಮ್ಮ ಕಡೆಯ ಬೇಸಿಗೆಯ ಧೂಳು, ಅಡುಗೆಯ ಒಗ್ಗರಣೆ, ಗೂಡು ಕಟ್ಟುವ ಹುಳುಗಳು ಡಿಟೆಕ್ಟರನ್ನು ಮೋಸಗೊಳಿಸುತ್ತವೆ. ಮೂರು ಸಲ ಸುಳ್ಳಾಗಿ ಕೂಗಿದ ಗಂಟೆಯನ್ನು ನಾಲ್ಕನೆಯ ಸಲ ಕಾವಲುಗಾರ ಬಂದ್ ಮಾಡುತ್ತಾನೆ. ತೋಳ ಬಂತು ತೋಳ ಎಂಬ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಅಲ್ಲಿ ತಪ್ಪು ಹುಡುಗನದು. ಇಲ್ಲಿ ತಪ್ಪು ಯಂತ್ರದ್ದಲ್ಲ, ಅದರ ಧೂಳು ಒರೆಸದವರದು.

ಮೂರನೆಯದು, ಹೊಸ ಸೌಕರ್ಯಗಳು ತರುವ ಹೊಸ ಬೆಂಕಿ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಕೆಳಗೆ ವಿದ್ಯುತ್ ಸ್ಕೂಟರುಗಳ ಮಳಿಗೆ, ಮೇಲೆ ವಸತಿಗೃಹವಿದ್ದ ಕಟ್ಟಡದಲ್ಲಿ 8 ಜನ ಮಡಿದರು. ಮರುವರ್ಷ ಮಾರ್ಚ್ 16ರಂದು ಅದೇ ಊರಿನ ಸ್ವಪ್ನಲೋಕ ಸಂಕೀರ್ಣದಲ್ಲಿ ಹೊಗೆಗೆ ಸಿಕ್ಕಿ 6 ಮಂದಿ ತರುಣ ತರುಣಿಯರು ತೀರಿಕೊಂಡರು. ನಮ್ಮ ಜಿಲ್ಲೆಯ ಮಕ್ಕಳು ಕೆಲಸಕ್ಕೂ ಓದಿಗೂ ಹೋಗುವ ಊರದು. ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಸುಲಭವಾಗಿ ಆರುವುದಿಲ್ಲ. ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಅದರ ಹೊಗೆ ವಿಷಮಯ. ಅದನ್ನು ಹೊರಬಾಗಿಲ ಬಳಿ, ಮೆಟ್ಟಿಲ ಕೆಳಗೆ ರಾತ್ರಿಯಿಡೀ ಚಾರ್ಜಿಗಿಡುವುದೆಂದರೆ ಇರುವ ಒಂದೇ ದಾರಿಯಲ್ಲಿ ಒಲೆ ಹೂಡಿದಂತೆ.

ಕಟ್ಟಡಗಳಿಗೆ ತೊಡಿಸುವ ಹೊಸ ಹೊದಿಕೆಯೂ ಹೀಗೆಯೇ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತುಗಳ ವಸತಿ ಕಟ್ಟಡದಲ್ಲಿ 72 ಜನ ಸತ್ತರು. ಅದಕ್ಕೆ ಹಿಂದಿನ ವರ್ಷವಷ್ಟೇ ಚಂದದ ಹೊಸ ಹೊದಿಕೆ ಹಾಕಿ ಮುಗಿಸಿದ್ದರು; ಮೇಲೆ ಅಲ್ಯುಮಿನಿಯಂ, ನಡುವೆ ಹೊತ್ತಿಕೊಳ್ಳುವ ಪ್ಲಾಸ್ಟಿಕ್ಕು. ಇಡೀ ಕಟ್ಟಡಕ್ಕೆ ಒಂದೇ ಮೆಟ್ಟಿಲು. ಲಿಫ್ಟುಗಳನ್ನು ತಮ್ಮ ಹತೋಟಿಗೆ ತೆಗೆದುಕೊಳ್ಳಲು ಅಗ್ನಿಶಾಮಕರು ಯತ್ನಿಸಿದಾಗ ಆ ಏರ್ಪಾಡು ಕೆಲಸ ಮಾಡಲಿಲ್ಲ. ಪುರೋಚನನು ದ್ವೇಷದಿಂದ ಕಟ್ಟಿದ್ದನ್ನು ಇವರು ಅಲಂಕಾರಕ್ಕಾಗಿ, ಉಳಿತಾಯಕ್ಕಾಗಿ ಕಟ್ಟಿದ್ದರು.

ನಮ್ಮ ಸಮೀಪದ ಕಮಲಾಪುರದ ಬಳಿ 2022ರ ಜೂನ್ 3ರ ಬೆಳಗಿನ ಜಾವ ನಡೆದುದನ್ನು ನೀವು ಮರೆತಿರಲಾರಿರಿ. ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಮಲಗುವ ಬಸ್ಸು ಸರಕು ವಾಹನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಹೊರಬರಲಾಗದವರು ಒಳಗೇ ಸುಟ್ಟುಹೋದರು. ಬಸ್ಸು ಕಟ್ಟಡವಲ್ಲ, ನಿಜ. ಆದರೆ ಹವಾನಿಯಂತ್ರಿತವಾಗಿ, ಗಾಜು ಮುಚ್ಚಿ, ಕಿರಿದಾದ ದಾರಿಯಲ್ಲಿ ಸಾಲಾಗಿ ಜನರನ್ನು ಮಲಗಿಸುವ ಬಸ್ಸು ಒಂದು ಚಲಿಸುವ ಕಟ್ಟಡವೇ. ಕಿಟಕಿಯ ಗಾಜು ಒಡೆಯುವ ಸುತ್ತಿಗೆ ಎಲ್ಲಿದೆಯೆಂದು ನೋಡಿ ಮಲಗುವವರು ನಮ್ಮಲ್ಲಿ ಎಷ್ಟು ಜನ?

ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ ಎಂಬ ಪ್ರಶ್ನೆಗೆ ಅರಗಿನ ಮನೆಯ ಕಥೆ ಕೊಟ್ಟ ಉತ್ತರ ಇಂದಿಗೂ ಬದಲಾಗಿಲ್ಲ. ಜಾಣ ಕಟ್ಟಡದ ಫೋನ್ ಸಂದೇಶ ಮನೆಯ ಯಜಮಾನನಿಗೆ ಹೋಗುತ್ತದೆ. ನೆಲಮಾಳಿಗೆಯಲ್ಲಿ ಮಲಗುವ ಕಾವಲುಗಾರನಿಗೆ, ಪಾತ್ರೆ ತೊಳೆಯಲು ಬಂದ ಹೆಂಗಸಿಗೆ, ಊರಿನಿಂದ ಮಗನ ಮನೆಗೆ ಬಂದು ಕಾರ್ಡು ಬಳಸಲು ಬಾರದ ತಾಯಿಗೆ ಅದು ಹೋಗುವುದಿಲ್ಲ. ಧ್ವನಿವರ್ಧಕ ಇಂಗ್ಲಿಷಿನಲ್ಲಿ ಮಾತನಾಡಿದರೆ ಅವರಿಗೆ ತಿಳಿಯುವುದಿಲ್ಲ. ಆ ನಿಷಾದ ಸ್ತ್ರೀ ಮತ್ತು ಅವಳ ಐವರು ಮಕ್ಕಳು ಈಗಲೂ ನಮ್ಮ ಕಟ್ಟಡಗಳಲ್ಲಿ ಮಲಗಿದ್ದಾರೆ.

ಆದ್ದರಿಂದ ನನ್ನ ವಿದ್ಯಾರ್ಥಿಗಳಲ್ಲಿ, ಬಂಧುಗಳಲ್ಲಿ ಕೆಲವು ಕೋರಿಕೆಗಳು. ಬರುವ ಭಾನುವಾರ ಲಿಫ್ಟು ಬಿಟ್ಟು ಮನೆಯವರೆಲ್ಲ ಮೆಟ್ಟಿಲಿನಿಂದ ನೆಲದವರೆಗೆ ಒಮ್ಮೆ ಇಳಿಯಿರಿ. ನಡುವೆ ಬೀಗ, ಸೈಕಲ್ಲು, ಹಳೆಯ ಸಾಮಾನು ಏನೇನಿದೆ ನೋಡಿ, ತೆಗೆಸಿರಿ. ವಿದ್ಯುತ್ ಬೀಗವಿದ್ದರೆ ಮೇನ್ ಸ್ವಿಚ್ ಆರಿಸಿ, ಒಳಗಿನಿಂದ ಬಾಗಿಲು ತೆರೆಯುತ್ತದೆಯೇ ಪರೀಕ್ಷಿಸಿರಿ. ಡಿಟೆಕ್ಟರ್ ಕೂಗುತ್ತದೆಯೇ, ಸ್ಪ್ರಿಂಕ್ಲರಿನ ಕೊಳವೆಯಲ್ಲಿ ನೀರಿದೆಯೇ ಎಂದು ಸಂಘದ ಸಭೆಯಲ್ಲಿ ಕೇಳಿರಿ. ಕೇಳಿದವರನ್ನು ತಕರಾರಿನವರೆಂದರೂ ಚಿಂತೆಯಿಲ್ಲ. ಹೊಗೆ ತುಂಬಿದರೆ ನೆಲಕ್ಕೆ ಬಾಗಿ ನಡೆಯಬೇಕೆಂದು, ಹೊರಬರುವಾಗ ಹಿಂದಿನ ಬಾಗಿಲನ್ನು ಮುಚ್ಚಿಕೊಂಡು ಬರಬೇಕೆಂದು, ಲಿಫ್ಟು ಹತ್ತಬಾರದೆಂದು, 101ಕ್ಕೋ 112ಕ್ಕೋ ಕರೆ ಮಾಡಬೇಕೆಂದು ಮಕ್ಕಳಿಗೆ ಕಲಿಸಿರಿ. ಮತ್ತು ನಿಮ್ಮ ಮನೆಗೆ ಕೆಲಸಕ್ಕೆ ಬರುವವರನ್ನೂ, ಕಾವಲಿನವರನ್ನೂ ಕರೆದುಕೊಂಡು ಹೋಗಿ ಆ ಮೆಟ್ಟಿಲನ್ನು ತೋರಿಸಿರಿ; ಅವರ ಭಾಷೆಯಲ್ಲೇ ಹೇಳಿರಿ. ಇದಕ್ಕೆ ಖರ್ಚಾಗುವುದು ಒಂದು ಭಾನುವಾರದ ಅರ್ಧ ಗಂಟೆ ಮಾತ್ರ.